ಮೂರರ ಮೇಲಿನ ನಾಲ್ಕು

ಈಗ ಕೈಗೆ ಚಿಲ್ಲರೆ ಸಿಗುವುದೇ ಅಪರೂಪ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಸೊಪ್ಪಿನವಳು ಕೂಡ ಬುಟ್ಟಿಯ ಅಂಚಿಗೆ ಒಂದು ಕಪ್ಪು ಚೌಕಳಿಯ ಚೀಟಿ ಅಂಟಿಸಿಕೊಂಡು ಕೂತಿರುತ್ತಾಳೆ. ಫೋನನ್ನು ಅದರ ಮುಂದೆ ಹಿಡಿದರೆ ಎಲ್ಲಿಂದಲೋ ಒಂದು ಹೆಣ್ಣುದನಿ ಇಷ್ಟು ಬಂತು ಎಂದು ಕೂಗಿ ಹೇಳುತ್ತದೆ, ವ್ಯಾಪಾರ ಮುಗಿಯುತ್ತದೆ. ಹಾಗಾಗಿ ಯಾರಾದರೂ ಅಪ್ಪಿತಪ್ಪಿ ನನ್ನ ಅಂಗೈಗೆ ಒಂದು ನಾಣ್ಯ ಹಾಕಿದರೆ ನಾನು ನಿಂತಲ್ಲೇ ನಿಂತುಬಿಡುತ್ತೇನೆ. ಅದನ್ನು ಬೆಳಕಿಗೆ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ, ಇಸವಿಯ ಕೊನೆಯ ಅಂಕಿಯನ್ನು ನೋಡುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಮೊನ್ನೆ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನವನು ಕೇಳಿಯೇಬಿಟ್ಟ.

"ಯಾಕಮ್ಮಾ, ಖೋಟಾ ಅಂತ ಡೌಟಾ?"

"ಇಲ್ಲಪ್ಪ, ಇಸವಿ ನೋಡ್ತಿದ್ದೆ."

"ಇಸವಿ ತಗೊಂಡು ಏನ್ ಮಾಡ್ತೀರಿ? ಅದ್ರ ಜಾತಕ ಬರೀತೀರಾ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಜಾತಕ ಬರೆಯುವುದಿಲ್ಲ ನಿಜ. ಆದರೆ ಒಂದು ನಾಣ್ಯ ಹುಟ್ಟಿದ ವರ್ಷ ಯಾವುದು ಎಂಬ ಪ್ರಶ್ನೆ ಹಿಡಿದುಕೊಂಡು ಶಿವಮೊಗ್ಗ ಭದ್ರಾವತಿ ನಡುವೆ ಓಡಾಡಿದ ಹೆಂಗಸು ನಾನು. ಆ ಕಥೆಯನ್ನು ಬಾಳೆಹಣ್ಣಿನವನಿಗೆ ಹೇಳಲು ಆಗಲಿಲ್ಲ, ಬಸ್ಸು ಬಂತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಈ ಹುಚ್ಚು ಎಲ್ಲಿಂದ ಅಂಟಿತು ಎಂದು ಯೋಚಿಸಿದರೆ ಮೊದಲು ಮೂಗಿಗೆ ಹುಣಿಸೆಹಣ್ಣಿನ ವಾಸನೆ ಬರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ನಮ್ಮಜ್ಜಿ ಒಂದು ಹಿತ್ತಾಳೆ ಕರಡಿಗೆ ತೆಗೆಯುತ್ತಿದ್ದಳು. ಅದರೊಳಗೆ ಚಲಾವಣೆ ಸತ್ತುಹೋದ ದುಡ್ಡುಗಳು: ನಡುವೆ ತೂತಿದ್ದ ಕಾಸು, ಅಂಚು ಅಲೆ ಅಲೆಯಾಗಿದ್ದ ಆಣೆ, ಯಾವುದೋ ರಾಜನ ತಲೆಯಿದ್ದ ತಾಮ್ರದ ಕಾಲಾಣೆ. ಅವನ್ನೆಲ್ಲ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡುವುದು ನನ್ನ ಕೆಲಸ. ಬಚ್ಚಲುಮನೆಯ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಉಗುರಿನೊಳಗೆ ಹುಳಿ ಹೊಕ್ಕು ಉರಿಯುವಾಗಲೂ, ಕಪ್ಪು ಕರಗಿ ಕೆಂಪು ತಾಮ್ರ ಹೊರಬರುವುದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಪ್ರತಿ ವರ್ಷ ತಿಕ್ಕಿ ತಿಕ್ಕಿ ರಾಜನ ಮೂಗು ಸವೆಯಿತು, ಆಮೇಲೆ ಗಡ್ಡ ಹೋಯಿತು, ಕೊನೆಗೆ ರಾಜನೋ ರಾಣಿಯೋ ಎಂದು ಹೇಳಲಾಗದಂಥ ಒಂದು ಮುಖ ಉಳಿಯಿತು. ಹಳೆ ನಾಣ್ಯ ಸಂಗ್ರಹಿಸುವವರ ಮುಂದೆ ಈ ಮಾತು ಹೇಳಬೇಡಿ. ನಾಣ್ಯಕ್ಕೆ ಹುಣಿಸೆಹಣ್ಣು ಎಂದರೆ ಅವರಿಗೆ ಎದೆ ನೋವು ಬರುತ್ತದೆ.

ಅಜ್ಜಿ ಹೋಗಿ ಎಷ್ಟೋ ಕಾಲವಾದ ಮೇಲೆ ಆ ಕರಡಿಗೆ ನನಗೆ ಬಂತು. ಆಗ ನಾನು ದುರ್ಗಿಗುಡಿಯ ಹತ್ತಿರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ, ಈಗಲೂ ಅರ್ಧ ದಿನ ಅಲ್ಲೇ ಇದ್ದೇನೆ. ಊಟದ ಬಿಡುವಿನಲ್ಲಿ ಒಂದು ಕಾಲಾಣೆಯನ್ನು ಮೈಕ್ರೋಸ್ಕೋಪಿನ ಪಕ್ಕದ ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಅಂಕಿಯ ಹಿಂದೆ ಇನ್ನೊಂದು ಅಂಕಿ ಅಡಗಿ ನಿಂತಂತೆ ಕಂಡಿತು. ಬಾಗಿಲ ಪರದೆಯ ಹಿಂದೆ ಯಾರೋ ಇದ್ದಾರೆ, ಕಾಲಿನ ತುದಿ ಮಾತ್ರ ಕಾಣುತ್ತಿದೆ, ಅಂಥದ್ದು. ಆಮೇಲೆ ಪುಸ್ತಕ ಓದಿ, ಊರಿನ ನಾಣ್ಯಪ್ರಿಯರ ಸಂಘಕ್ಕೆ ಹೋಗಿ ತಿಳಿದುಕೊಂಡೆ. ಟಂಕಸಾಲೆಯಲ್ಲಿ ನಾಣ್ಯ ಒತ್ತುವುದಕ್ಕೆ ಉಕ್ಕಿನ ಅಚ್ಚು ಇರುತ್ತದೆ. ವರ್ಷ ಕಳೆದರೂ ಕೆಲವು ಅಚ್ಚು ಗಟ್ಟಿಯಾಗಿಯೇ ಇರುತ್ತಿದ್ದವು. ಬಿಸಾಡಲು ಮನಸ್ಸಾಗದೆ, ಹಳೆ ಇಸವಿಯ ಕೊನೆಯ ಅಂಕಿಯನ್ನು ಆದಷ್ಟು ಉಜ್ಜಿ, ಅದರ ಮೇಲೆಯೇ ಹೊಸ ಅಂಕಿಯ ಮೊಳೆ ಇಟ್ಟು ಹೊಡೆಯುತ್ತಿದ್ದರಂತೆ. ಹೊಡೆದದ್ದೇನೋ ಹೊಸದು. ಹಳೆಯದು ಪೂರ್ತಿ ಹೋಗುತ್ತಿರಲಿಲ್ಲ. ಆ ಅಚ್ಚಿನಿಂದ ಬಂದ ಒಂದೊಂದು ನಾಣ್ಯದಲ್ಲೂ ಹೊಸ ಅಂಕಿಯ ಬುಡದಲ್ಲಿ ಹೋದ ವರ್ಷದ ಅಂಕಿಯ ನೆರಳು ಉಳಿದುಬಿಡುತ್ತಿತ್ತು.

ಹೊಸ ನಾಣ್ಯದಲ್ಲಾದರೆ ಇದನ್ನು ಗುರುತಿಸುವುದು ಸುಲಭ. ಸವೆದದ್ದರಲ್ಲಿ ಕಷ್ಟ. ಗೀರು ಬಿದ್ದಿರುತ್ತದೆ, ಪೆಟ್ಟು ತಿಂದಿರುತ್ತದೆ, ಕಿಲುಬು ಹಿಡಿದಿರುತ್ತದೆ. ಎಲ್ಲವೂ ಅಂಕಿಯ ವೇಷ ಹಾಕಿಕೊಂಡು ಬರುತ್ತವೆ. ನನ್ನ ಮೊದಲ ಶೋಧವನ್ನು ನಾನು ಸಂಘದ ಸಭೆಗೆ ಹತ್ತಿಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದೆ. ಆರರ ಮೇಲೆ ಎಂಟು ಎಂದು ನನ್ನ ವಾದ. ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಆಮೇಲೆ ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಿದರು. ಆರು ಬಟ್ಟೆಗೆ ಬಂತು. "ಬೆಲ್ಲ ಕಣಮ್ಮ" ಎಂದರು. ನಮ್ಮಜ್ಜಿಯ ಪೂಜೆಯ ಪಾನಕದ ಬೆಲ್ಲ! ಮನೆಗೆ ಬಂದು ಹೇಳಿದಾಗ ನಮ್ಮವರು ಊಟದ ತಟ್ಟೆ ಪಕ್ಕಕ್ಕಿಟ್ಟು ನಕ್ಕರು. ಅಂದಿನಿಂದ ನಾನು ಯಾವುದೇ ವಿಷಯದಲ್ಲಿ ಖಚಿತವಾಗಿ ಮಾತಾಡಿದರೆ, "ಒರೆಸಿ ನೋಡಿದ್ಯಾ?" ಎಂದು ಕೇಳುತ್ತಾರೆ.

ಆ ಬೆಲ್ಲದ ಪಾಠದ ಮೇಲೆ ನಾನು "ಇಲ್ಲ" ಎನ್ನುವುದನ್ನು ಚೆನ್ನಾಗಿ ಕಲಿತೆ. ಲ್ಯಾಬಿನಲ್ಲಿಯೂ ಅದೇ ಕೆಲಸ. ಗಾಜಿನ ಮೇಲಿನ ಧೂಳಿನ ಕಣ ರೋಗಾಣುವಿನ ಹಾಗೆ ಕಾಣುತ್ತದೆ. ಕಂಡದ್ದನ್ನೆಲ್ಲ ಬರೆದರೆ ಜನ ಹೆದರಿ ಸಾಯುತ್ತಾರೆ. ಸಂಘದವರು ಅನುಮಾನದ ನಾಣ್ಯಗಳನ್ನು ನನ್ನ ಹತ್ತಿರ ತರತೊಡಗಿದರು, ನಾನು ಬೆಳಕನ್ನು ಸುತ್ತ ತಿರುಗಿಸಿ, ಇಲ್ಲ, ಇದು ಗೀರು, ಇಲ್ಲ, ಇದು ಕಿಲುಬು ಎನ್ನುತ್ತಾ ಕೂತೆ. ಅವರ ಮುಖ ಬಾಡುತ್ತಿತ್ತು. ನನಗೆ ಸ್ವಲ್ಪ ಹೆಮ್ಮೆಯೇ ಇತ್ತು ಎನ್ನಬೇಕು.

ಸೆಲ್ವಿ ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ. ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಮುತ್ತಜ್ಜನ ಕಾಲದಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕೆ ತಮಿಳುನಾಡಿನ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟ ಮನೆತನ. ಮಗು ಹುಟ್ಟಿ, ರಜೆ ಮುಗಿಸಿ ಅವಳು ಕೆಲಸಕ್ಕೆ ವಾಪಸು ಬಂದ ಹೊಸತು. ಒಂದು ಮಧ್ಯಾಹ್ನ ನಾನು ದೀಪದ ಕೆಳಗೆ ಯಾರದೋ ನಾಣ್ಯ ಇಟ್ಟುಕೊಂಡಿದ್ದಾಗ ಡಬ್ಬಿ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಮೇಡಂ, ನಮ್ ಪಾಟಿ ಕುತ್ತಿಗೇಲಿ ಒಂದು ತಾಮ್ರದ ಕಾಸಿದೆ. ಅದ್ರಲ್ಲಿರೋದು ಮೂರಾ ನಾಲ್ಕಾ ಅಂತ ಹೇಳ್ತೀರಾ?"

ಪಾಟಿ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. "ತಗೊಂಡ್ ಬಾ, ನೋಡೋಣ" ಎಂದೆ.

"ತೆಗೆಯಲ್ಲ ಮೇಡಂ. ಹುಟ್ಟಿದಾಗಿಂದ ತೆಗೆದಿಲ್ವಂತೆ. ದಾರ ಹಳೇದಾದ್ರೆ ಹೊಸಾದು ಪೋಣಿಸಿ ಕಟ್ಕೊಂಡು, ಆಮೇಲೆ ಹಳೇದನ್ನ ಕತ್ತರಿಸ್ತಾರೆ. ನೀವೇ ಬರ್ಬೇಕು."

ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತಾ ನನ್ನ ಅನ್ನ ಆರಿತು. ಪಾಟಿಯ ಹೆಸರು ಪೊನ್ನಮ್ಮ. ಆದರೆ ಅವರಿಗಿಂತ ಮೊದಲು ಆ ಮನೆಯಲ್ಲಿ ಇನ್ನೊಬ್ಬ ಪೊನ್ನಮ್ಮ ಇದ್ದಳು. ಹಿಂದಿನ ವರ್ಷ ಹುಟ್ಟಿದ ಅಕ್ಕ. ಅಂಬೆಗಾಲಿಡುವ ಹೊತ್ತಿಗೆ ಜ್ವರ ಬಂದು, ಕೂಲಿಯವರ ಜೋಪಡಿಯಲ್ಲೇ ಹೋಗಿಬಿಟ್ಟಳು. ಭದ್ರಾ ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು. ಮುಂದಿನ ವರ್ಷ ಮತ್ತೆ ಹೆಣ್ಣುಮಗು ಹುಟ್ಟಿದಾಗ ಅವಳೇ ಬಂದಳು ಎಂದುಕೊಂಡು ಅದೇ ಹೆಸರಿಟ್ಟರು. ಮಗು ಹುಟ್ಟಿದ ವರ್ಷದ ಕಾಲಾಣೆಗೆ ತೂತು ಕೊರೆದು ಕೊರಳಿಗೆ ಕಟ್ಟುವುದು ಅವರ ಅಪ್ಪನ ಕಡೆಯ ಪದ್ಧತಿ. ಈ ಪೊನ್ನಮ್ಮನ ಕೊರಳಿಗೂ ಒಂದು ಕಟ್ಟಿದರು. ಆದರೆ ಅದು ಇವರಿಗೆಂದು ತಂದ ಹೊಸ ಕಾಸೋ, ಅಕ್ಕನ ಕೊರಳಿನಿಂದ ಬಿಚ್ಚಿಟ್ಟಿದ್ದ ಕಾಸೋ ಯಾರೂ ಹೇಳಲಿಲ್ಲ. ಅಪ್ಪ ಬೇಗ ಹೋದರು. ಅಮ್ಮನನ್ನು ಕೇಳಿದರೆ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅಪ್ಪ ಬಾಯಿಪಾಠ ಮಾಡಿಸಿದ್ದ ಪ್ರಕಾರ ಪಾಟಿಯ ಇಸವಿಯ ಕೊನೆಯ ಅಂಕಿ ನಾಲ್ಕು. ಅಕ್ಕನದು ಮೂರು.

"ಕಾಸಲ್ಲಿ ಏನಿದೆ?"

"ಅದೇ ಮೇಡಂ. ನಮ್ಮಣ್ಣ ನೋಡಿ ನಾಲ್ಕು ಅಂದ. ಬಜಾರಲ್ಲಿ ಚಿನ್ನದಂಗಡಿಯವ್ರು ಮೂರು ಅಂದ್ರು. ನಂಗೆ ಬೆಳಿಗ್ಗೆ ಒಂಥರಾ ಕಾಣುತ್ತೆ, ಸಂಜೆ ಒಂಥರಾ."

ನನ್ನ ಕಿವಿ ನೆಟ್ಟಗಾದದ್ದು ಆಗ. ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ನಾಲ್ಕು.

ಸೆಲ್ವಿ ಡಬ್ಬಿಯ ಮುಚ್ಚಳ ಹಾಕುತ್ತಾ ತಗ್ಗಿದ ದನಿಯಲ್ಲಿ, "ಪಾಟಿಗೆ ಚಳಿಗಾಲದಲ್ಲಿ ಎದೆ ಕಟ್ಟಿ ತುಂಬಾ ಸೀರಿಯಸ್ ಆಗಿತ್ತು" ಎಂದಳು. "ಆವಾಗಿಂದ ಒಂದೇ ಮಾತು. ಇದು ನಂದಾದ್ರೆ ಸೆಲ್ವಿ ಮಗಳಿಗೆ ಹಾಕಿ. ಅಕ್ಕಂದಾದ್ರೆ ನನ್ ಜೊತೆ ಮಣ್ಣಿಗೆ ಹಾಕಿ, ತಗೊಂಡ್ ಹೋಗಿ ಕೊಡ್ತೀನಿ ಅಂತಾರೆ. ಯಾವ್ದು ಅಂತ ತಿಳೀದೆ ಅವ್ರಿಗೆ ನಿದ್ದೇನೇ ಬರ್ತಿಲ್ಲ."

ಆ ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ. ಈ ದಾರಿಯಲ್ಲಿ ನನಗೆ ಯಾವಾಗಲೂ ಅರ್ಧ ನಿದ್ದೆ. ಕಿಟಕಿಗೆ ತಲೆ ಕೊಟ್ಟರೆ ಮಾಚೇನಹಳ್ಳಿಯ ತಗಡಿನ ಶೆಡ್ಡುಗಳು ಒಂದರ ಹಿಂದೆ ಒಂದು ಬಿಸಿಲಿನಲ್ಲಿ ತೇಲಿಕೊಂಡು ಬರುತ್ತವೆ. ಯಾವುದೋ ಒಂದರೊಳಗೆ ಕಬ್ಬಿಣ ಕೊರೆಯುವ ಸದ್ದು ಕೇಳುವಷ್ಟರಲ್ಲಿ ಹಿಂದಾಗುತ್ತದೆ. ಎಂದೋ ಸತ್ತ ಕೂಸೊಂದರ ಕೊರಳಿನ ಕಾಸನ್ನು ನೋಡಲು ಹೋಗುತ್ತಿದ್ದೇನೆ ಎಂದುಕೊಂಡೆ. ಆ ಕೂಸಿನ ಮುಖ ನೆನಪಿರುವವರು ಈ ಲೋಕದಲ್ಲಿ ಒಬ್ಬರೂ ಇಲ್ಲ. ಅದರ ಹೆಸರೂ ಅದಕ್ಕೆ ಉಳಿದಿಲ್ಲ, ತಂಗಿಗೆ ಕೊಟ್ಟಾಗಿದೆ. ಒಂದು ಅಂಕಿ ಇದ್ದರೆ ಇರಬಹುದು, ಇಲ್ಲದಿದ್ದರೆ ಇಲ್ಲ.

ನ್ಯೂ ಟೌನಿನ ಬೀದಿಗಳು ಅಗಲ, ಮರಗಳು ಭಾರಿ. ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡಿದ್ದ ಊರಿನಲ್ಲಿ ಈಗ ಹಗಲಿಗೆ ಅಂಥ ಅವಸರ ಇದ್ದಂತೆ ಕಾಣುವುದಿಲ್ಲ. ಸೆಲ್ವಿಯ ಮನೆಯ ಮುಂದೆ ರಂಗೋಲಿ, ಒಳಗೆ ಕಿಟಕಿಯ ಪಕ್ಕದ ಮಂಚದ ಮೇಲೆ ಪೊನ್ನಮ್ಮ. ಹಿಡಿಯಷ್ಟು ಜೀವ, ಹಣೆಯ ತುಂಬಾ ವಿಭೂತಿ. ಮಂಚದ ಕೆಳಗೆ ಚಾಪೆಯ ಮೇಲೆ ಸೆಲ್ವಿಯ ಮಗಳು ದಿಯಾ ಒಂದು ಸ್ಟೀಲ್ ಲೋಟವನ್ನು ನೆಲಕ್ಕೆ ಬಡಿಯುತ್ತಾ ಕೂತಿತ್ತು.

"ನೀವೇನಾ ಕಾಸಿನ ಡಾಕ್ಟ್ರು?" ಎಂದರು ಪೊನ್ನಮ್ಮ.

"ಡಾಕ್ಟ್ರಲ್ಲ ಪಾಟಿ. ರಕ್ತ ನೋಡೋಳು."

"ಅದೂ ನೋಡ್ಕೊಂಡ್ ಹೋಗಿ. ಏನಾದ್ರೂ ಉಳ್ದಿದ್ರೆ."

ಕಾಸು ಕರಿದಾರದಲ್ಲಿ ಎದೆಯ ಗುಳಿಯ ಮೇಲೆ ಕೂತಿತ್ತು. ತೂತು ಮೇಲೆ, ಇಸವಿ ಕೆಳಗೆ. ಇಷ್ಟು ಕಾಲ ಮೈಗೆ, ಸೀರೆಗೆ, ಬೆವರಿಗೆ ಉಜ್ಜಿ ಉಜ್ಜಿ ಅದು ನಾಣ್ಯಕ್ಕಿಂತ ಹೆಚ್ಚಾಗಿ ಹೊಳೆಯ ಕಲ್ಲಿನ ಹಾಗಾಗಿತ್ತು. ಮೇಲಿನ ಅಕ್ಷರಗಳು ಪೂರ್ತಿ ಮಾಯ. ನಾನು ಮಂಚದ ಅಂಚಿಗೆ ಕೂತು, ತಲೆಯನ್ನು ಅವರ ಗದ್ದದ ಕೆಳಗೆ ತೂರಿಸಿ, ಭೂತಗನ್ನಡಿ ಕಣ್ಣಿಗೊತ್ತಿಕೊಂಡೆ. ಕೊಬ್ಬರಿ ಎಣ್ಣೆ, ವಿಭೂತಿ, ಹಳೆ ನೂಲಿನ ಸೀರೆಯ ವಾಸನೆ. ಸೆಲ್ವಿ ಟಾರ್ಚ್ ಹಿಡಿದು ಮಂಚ ಸುತ್ತತೊಡಗಿದಳು. ತೊಂದರೆ ಏನೆಂದರೆ ಪೊನ್ನಮ್ಮ ಉಸಿರಾಡಿದಾಗೆಲ್ಲ ಕಾಸು ಏರುತ್ತದೆ, ಇಳಿಯುತ್ತದೆ. ನನ್ನ ಕಣ್ಣ ಮುಂದೆ ಇಡೀ ಇಸವಿ ಅಲೆಯ ಮೇಲಿನ ತೆಪ್ಪದಂತೆ ತೇಲಾಡುತ್ತಿತ್ತು.

"ಪಾಟಿ, ಒಂಚೂರು ಉಸಿರು ಹಿಡ್ಕೊಳ್ತೀರಾ?"

"ಈ ವಯಸ್ಸಲ್ಲಿ ಹಿಡ್ಕೊಂಡ್ರೆ ವಾಪಸ್ ಬರುತ್ತೋ ಇಲ್ವೋ ಮಾರಾಯ್ತಿ, ನೀನೇ ಜೊತೆಗೆ ಏರಿಳಿ."

ಹಾಗೆಯೇ ಮಾಡಿದೆ. ಅವರ ಉಸಿರಿನ ಜೊತೆ ನನ್ನ ತಲೆಯೂ ಏರುತ್ತಾ ಇಳಿಯುತ್ತಾ ಹೊಂದಿಕೊಂಡ ಮೇಲೆ ಅಂಕಿ ನಿಂತಿತು. ನಾಲ್ಕು. ಸವೆದಿದ್ದರೂ ಅದರ ಓರೆಗೆರೆ, ಅಡ್ಡಗೆರೆ, ನೇರಗೆರೆ ಇದ್ದವು. ಆದರೆ ನೇರಗೆರೆಯ ಬಲಕ್ಕೆ ಒಂದು ಉಬ್ಬು. ಮತ್ತೆ ಅಡ್ಡಗೆರೆಯ ಕೆಳಗೆ, ಎಡಕ್ಕೆ, ನಾಲ್ಕಿನಲ್ಲಿ ಏನೂ ಇರಬಾರದ ಖಾಲಿ ಜಾಗದಲ್ಲಿ, ಕೂದಲೆಳೆಯಂಥ ಒಂದು ಕೊಕ್ಕೆ. ಟಾರ್ಚು ಬಲಕ್ಕೆ ಹೋದಾಗ ಉಬ್ಬು ಎದ್ದಿತು. ಎಡಕ್ಕೆ ಬಂದಾಗ ಕೊಕ್ಕೆ ಎದ್ದಿತು.

ನನ್ನ ಎದೆ ಹೊಡೆದುಕೊಂಡಿತು. ಅದಕ್ಕೇ ನನಗೆ ಭಯವಾಯಿತು. ಬಸ್ಸಿನಲ್ಲಿ ಬರುವಾಗಲೇ ಆ ಕೂಸಿನ ಪಕ್ಷ ವಹಿಸಿಬಿಟ್ಟಿದ್ದೆ. ಅಲ್ಲೊಂದು ಮೂರು ಇರಲಿ ಎಂಬ ಆಸೆ ಇಟ್ಟುಕೊಂಡು ನೋಡಿದರೆ ಗೋಡೆಯ ಬಿರುಕಿನಲ್ಲೂ ಮೂರು ಕಾಣುತ್ತದೆ. ಪೊನ್ನಮ್ಮ ನನ್ನ ನೆತ್ತಿಯ ಮೇಲೆ ಕಾಯುತ್ತಿದ್ದರು.

"ಏನಿದೆ?"

"ಈಗ್ಲೇ ಹೇಳಲ್ಲ ಪಾಟಿ. ಫೋಟೋ ತಗೊಂಡು ಹೋಗಿ, ಸರಿಯಾಗಿ ನೋಡಿ ಹೇಳ್ತೀನಿ. ತಪ್ಪು ಹೇಳ್ಬಾರ್ದಲ್ಲ."

"ಇಷ್ಟ್ ವರ್ಷ ಕಾದಿದೀನಿ. ನೋಡು. ಆದ್ರೆ ನನ್ ಸಮಾಧಾನಕ್ಕೆ ಅಂತ ಹೇಳ್ಬೇಡ. ಹಂಗೆ ಹೇಳೋರು ಮನೆ ತುಂಬಾ ಇದಾರೆ."

ಆ ಮಾತು ಹಿಡಿದುಕೊಂಡೇ ಶಿವಮೊಗ್ಗಕ್ಕೆ ಬಂದೆ. ನನಗೆ ಬೇಕಾಗಿದ್ದುದು ಅಕ್ಕ ಹುಟ್ಟಿದ ವರ್ಷದ, ಮೂರರ ಇಸವಿಯ, ಸವೆಯದ ಒಂದು ಕಾಲಾಣೆ. ಸುಳ್ಳು ನೆರಳಿಗೂ ನಿಜದ ನೆರಳಿಗೂ ವ್ಯತ್ಯಾಸ ಇಷ್ಟೇ. ನಿಜದ್ದಾದರೆ ಅದು ಹಳೆ ಅಂಕಿಯ ಅಳತೆಗೆ ಸರಿಯಾಗಿ, ಅದರ ಜಾಗದಲ್ಲೇ ಇರಬೇಕು. ಗೀರಿಗೆ ಅಂಥ ಶಿಸ್ತು ಇರುವುದಿಲ್ಲ. ಸಂಘದ ಆ ಬೆಲ್ಲದ ಹಿರಿಯರೇ ತಮ್ಮ ಸಂಗ್ರಹದಿಂದ ಒಂದು ಕಾಲಾಣೆ ಹುಡುಕಿ ಕೊಟ್ಟರು. "ಒರೆಸಿದ್ದೀಯಾ ಅದನ್ನ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ.

ಎರಡರ ಫೋಟೋವನ್ನೂ ಒಂದೇ ಅಳತೆಗೆ ದೊಡ್ಡದು ಮಾಡಿ ಮುದ್ರಿಸಿದೆ. ಒಳ್ಳೆಯ ಕಾಸಿನ ಮೂರನ್ನು ಪಾರದರ್ಶಕ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಎತ್ತಿಕೊಂಡೆ, ಪಕ್ಕದ ಅಂಕಿಯನ್ನೂ ಎತ್ತಿಕೊಂಡೆ. ಹಾಳೆಯನ್ನು ಪೊನ್ನಮ್ಮನ ಕಾಸಿನ ಫೋಟೋದ ಮೇಲಿಟ್ಟು, ಪಕ್ಕದ ಅಂಕಿಯ ಮೇಲೆ ಪಕ್ಕದ ಅಂಕಿ ಕೂರುವ ತನಕ ಸರಿಸಿದೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ನಮ್ಮವರನ್ನು ಕರೆದೆ. ಅವರಿಗೆ ಕಥೆ ಏನೂ ಹೇಳಿರಲಿಲ್ಲ.

"ಈ ಕೆಂಪು ಗೆರೆ ಅಡಿಯಲ್ಲಿ ಏನಾದ್ರೂ ಉಬ್ಬಿದ್ಯಾ ನೋಡಿ. ಸುಮ್ನೆ ಹೌದು ಅನ್ಬೇಡಿ."

ಅವರು ಕಿಟಕಿಯ ಹತ್ತಿರ ಹೋಗಿ ತುಂಬಾ ಹೊತ್ತು ನೋಡಿದರು. ಹೊರಗೆ ಮೋಡ ಸರಿದು ಬಿಸಿಲು ಬಂತು. "ಬಲಗಡೆ ಹೊಟ್ಟೆ ಹತ್ರ ಇದೆ" ಎಂದರು. "ಎಡಗಡೆ ಬಾಲದ ತುದೀಲಿ ಇದೆ. ಮಧ್ಯದಲ್ಲಿ ಏನೂ ಇಲ್ಲ, ನಾಲ್ಕೇ ಇರೋದು. ಯಾಕೆ, ಏನಿದು?"

ನಾನು ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಕಿಟಕಿಗೆ ಹಿಡಿದೆ. ಎರಡು ಗುರುತು, ಎರಡೂ ಒಂದೇ ಅಂಕಿಯವು, ಎರಡೂ ತಮ್ಮ ತಮ್ಮ ಜಾಗದಲ್ಲಿ. ಎಷ್ಟೋ ಜನರ ಮುಖ ಬಾಡಿಸಿದ ನನ್ನ "ಇಲ್ಲ" ಎಂಬ ಮಾತಿಗೆ ಇಲ್ಲಿ ಕಾಲೂರಲು ಜಾಗವೇ ಇರಲಿಲ್ಲ.

ಎರಡನೆಯ ಸಲ ಹೋದಾಗ ಮಧ್ಯಾಹ್ನದ ಊಟವಾಗಿತ್ತು. ಬೀದಿಯಲ್ಲಿ ಜನ ಇರಲಿಲ್ಲ, ಮರದ ನೆರಳು ಮನೆಯ ಹೊಸ್ತಿಲವರೆಗೆ ಬಂದು ಮಲಗಿತ್ತು. ಪೊನ್ನಮ್ಮ ದಿಂಬಿಗೆ ಒರಗಿ ಕೂತಿದ್ದರು. ಸೆಲ್ವಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ನಿಂತಳು. ನಾನು ಸುತ್ತು ಬಳಸದೆ ಹೇಳಿದೆ.

"ಪಾಟಿ, ಈ ಕಾಸು ನಿಮ್ದು. ನೀವು ಹುಟ್ಟಿದ ವರ್ಷ ಒತ್ತಿದ್ದು. ನಾಲ್ಕೇ. ನಿಮ್ಮಪ್ಪ ನಿಮಗೆ ಅಂತಾನೇ ತಂದಿದ್ದು."

ಪೊನ್ನಮ್ಮನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅದು ಮೆಲ್ಲಗೆ ಆರಿತು.

"ಹಂಗಾದ್ರೆ ಅವ್ಳದು ಏನೂ ಇಲ್ಲ" ಎಂದರು. "ನಾನು ಹಠ ಮಾಡ್ಕೊಂಡು ಹೊತ್ಕೊಂಡಿದ್ದೆ, ಅವ್ಳದೇ ಇರ್ಬೋದು ಅಂತ. ಹೆಸ್ರು ನಾನು ತಗೊಂಡೆ. ಅಪ್ಪ ಅಮ್ಮನ್ನ ತಗೊಂಡೆ. ಇದೊಂದಾದ್ರೂ ಅವ್ಳದು ಅಂತ."

"ಇರಿ ಪಾಟಿ, ಇನ್ನೂ ಇದೆ" ಎಂದು ಹಾಳೆ ಬಿಚ್ಚಿದೆ. ಅಚ್ಚಿನ ವಿಷಯ ಹೇಳಿದೆ. ಹಿಂದಿನ ವರ್ಷದ ಅಚ್ಚು ಗಟ್ಟಿಯಾಗಿತ್ತು, ಬಿಸಾಡಲಿಲ್ಲ, ಮೂರನ್ನು ಉಜ್ಜಿ ಅದರ ಮೇಲೆ ನಾಲ್ಕು ಹೊಡೆದರು, ಆದರೆ ಮೂರು ಪೂರ್ತಿ ಹೋಗಲಿಲ್ಲ, ಅದು ಅಡಿಯಲ್ಲಿ ಇದೆ ಎಂದೆ. ಚಿನ್ನದಂಗಡಿಯವರು ನೋಡಿದ್ದೂ ಸುಳ್ಳಲ್ಲ, ಮೊಮ್ಮಗ ನೋಡಿದ್ದೂ ಸುಳ್ಳಲ್ಲ.

ಅವರು ನನ್ನನ್ನು ಒಂದೇ ಸಮನೆ ನೋಡಿದರು. "ಸಮಾಧಾನಕ್ಕೆ ಹೇಳ್ತಿದೀಯಾ?"

"ಇಲ್ಲ ಪಾಟಿ. ಬೇಕಾದ್ರೆ ನೀವೇ ನೋಡಿ."

"ಕುತ್ತಿಗೇಲಿರೋದನ್ನ ನಾನು ಹೆಂಗೆ ನೋಡ್ಲಿ?" ಎಂದರು. ಸೆಲ್ವಿ ಬಾಗಿಲಲ್ಲಿ ಅಲುಗಾಡದೆ ನಿಂತಿದ್ದಳು. ಪೊನ್ನಮ್ಮ ಎರಡೂ ಕೈ ಎತ್ತಿ ಕತ್ತಿನ ಹಿಂದೆ ತಡಕಾಡಿ ದಾರವನ್ನು ಹಿಡಿದುಕೊಂಡರು. ನಾನು ನೆರವಿಗೆ ಹೋದರೆ ತಲೆಯಾಡಿಸಿ ಬೇಡವೆಂದರು. ದಾರವನ್ನು ತಲೆಯ ಮೇಲಿನಿಂದ ತಾವೇ ಎತ್ತಿ ತೆಗೆದರು. ಬೆಳ್ಳಗಿನ ಕೂದಲು ಒಂದಿಷ್ಟು ಅದರ ಜೊತೆ ಮೇಲೆದ್ದು ಮತ್ತೆ ಕೂತಿತು.

ಕಣ್ಣಿನ ಆಪರೇಷನ್ ಆಗಿದ್ದರಿಂದ ಅವರಿಗೆ ದೃಷ್ಟಿ ಸುಮಾರಾಗಿತ್ತು. ಭೂತಗನ್ನಡಿ ಹಿಡಿಯುವುದನ್ನು ತೋರಿಸಿದೆ. ಕಾಸನ್ನು ಕಿಟಕಿಯ ಬೆಳಕಿಗೆ ವಾಲಿಸಿ ಹಿಡಿದೆ. "ನಾಲ್ಕು ಕಂಡಿತಾ? ಅದ್ರ ಅಡ್ಡಗೆರೆ ಕೆಳಗೆ ನೋಡಿ. ಚಿಕ್ಕ ಕೊಕ್ಕೆ. ಅದು ಮೂರರ ಬಾಲ. ಈಗ ಈ ಕಡೆ ಬನ್ನಿ, ಮೂರರ ಹೊಟ್ಟೆ ಉಬ್ಬಿದೆ ನೋಡಿ."

ಅವರು ನೋಡಿದರು. ಮಗು ಏನೋ ತೊದಲಿತು, ಸೆಲ್ವಿ ಅದರ ಬೆನ್ನು ತಟ್ಟಿದಳು. ಹೊರಗೆ ಬೀದಿಯಲ್ಲಿ ಸೈಕಲ್ಲೊಂದು ಕಿರ್ರೆನ್ನುತ್ತಾ ಹೋಗಿ ಸದ್ದಡಗಿತು. ನನ್ನ ಕೈ ಜೋಮು ಹಿಡಿಯಿತು. ಆದರೂ ಅವರು ನೋಡುತ್ತಲೇ ಇದ್ದರು. ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಬಾವಿಯೊಳಗೆ ಬಗ್ಗಿ ನೋಡುವವರ ಹಾಗೆ. ಆಮೇಲೆ ಕಾಸಿನ ಹತ್ತಿರಕ್ಕೆ ಬಾಯಿ ತಂದು, ಕೂಗುವ ದನಿಯಲ್ಲಲ್ಲ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಕರೆದರು.

"ಪೊನ್ನಮ್ಮಾ."

ಆ ಹೆಸರಿನಿಂದ ಅವರು ಯಾರನ್ನೂ ಕರೆದಿರಲಿಕ್ಕಿಲ್ಲ, ಕರೆಸಿಕೊಂಡಿದ್ದಷ್ಟೇ. ಕರೆದು ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಅವರ ಮೈ ಕುಲುಕತೊಡಗಿತು, ಅಳುತ್ತಿದ್ದಾರೆ ಎಂದುಕೊಂಡು ಬಗ್ಗಿದರೆ ನಗುತ್ತಿದ್ದರು. ಕಣ್ಣಲ್ಲಿ ನೀರು ಮಾತ್ರ ಇಳಿಯುತ್ತಿತ್ತು.

"ಕರೆದ್ರೆ ನಾನೇ ಓ ಅನ್ಬೇಕಲ್ಲ ಮಾರಾಯ್ತಿ!" ಎಂದರು.

ಸೆಲ್ವಿ ಮಂಚದ ಮೇಲೆ ಕೂತು ಅಜ್ಜಿಯ ಭುಜಕ್ಕೆ ಮುಖ ಒತ್ತಿಕೊಂಡಳು. ನಾನು ಹಾಳೆಯನ್ನು ಸುರುಳಿ ಸುತ್ತುತ್ತಾ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ. ಎಲ್ಲರಿಗೂ ಮೂಗು ಒರೆಸಿಕೊಂಡಾದ ಮೇಲೆ ಸೆಲ್ವಿ ಅಳುಕುತ್ತಲೇ ಕೇಳಿದಳು.

"ಪಾಟಿ, ಈಗ ಏನ್ ಮಾಡೋದು? ಮಣ್ಣಿಗಾ, ಮಗುಗಾ?"

ಪೊನ್ನಮ್ಮ ಕಾಸನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಒಂದ್ಸಲ ಮಣ್ಣಿಗೆ ಹೋಗಿದ್ದು ಸಾಕು ಅವ್ಳು" ಎಂದರು. "ಬೇಡ. ಆಡ್ಕೊಂಡಿರ್ಲಿ."

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದಾರವನ್ನು ಅದರ ತಲೆಯ ಮೇಲಿನಿಂದ ಇಳಿಬಿಟ್ಟರು. ದೊಡ್ಡವರ ಅಳತೆಯ ದಾರ, ಕಾಸು ಅದರ ಹೊಕ್ಕುಳದವರೆಗೆ ಇಳಿಯಿತು. ದಿಯಾ ಗದ್ದ ಎದೆಗಾನಿಸಿ ಇದೇನು ಎಂದು ನೋಡಿ, ಎರಡೂ ಕೈಯಲ್ಲಿ ಹಿಡಿದು, ಸೀದಾ ಬಾಯಿಗೆ ಹಾಕಿಕೊಂಡಿತು. ಲ್ಯಾಬಿನಲ್ಲಿ ಕೆಲಸ ಮಾಡುವ ನಾವಿಬ್ಬರೂ ಒಟ್ಟಿಗೆ ಅಯ್ಯಯ್ಯೋ ಎಂದು ಕೈ ಚಾಚಿದೆವು. "ಬಿಡ್ರೇ, ಇನ್ನೊಂಚೂರು ದೊಡ್ಡೋಳಾಗೋ ತನಕ ನಾನು ಹತ್ರ ಇದ್ದಾಗ ಮಾತ್ರ ಹಾಕೋದು" ಎಂದು ಪೊನ್ನಮ್ಮ ನಮ್ಮನ್ನು ಗದರಿದರು. ಮಗು ಹಲ್ಲಿಲ್ಲದ ಒಸಡಿನಲ್ಲಿ ಕಾಸನ್ನು ಕಚ್ಚಿ, ಜೊಲ್ಲು ಸುರಿಸುತ್ತಾ, ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿತು.

ಪೊನ್ನಮ್ಮನ ಬಲಗೈ ತಾನಾಗಿಯೇ ಅವರ ಎದೆಯ ಗುಳಿಗೆ ಹೋಯಿತು. ಅಲ್ಲಿ ತಡಕಿತು, ಏನೂ ಸಿಗದೆ ನಿಂತಿತು. ಕಾಸು ಇದ್ದ ಜಾಗದಲ್ಲಿ ಚರ್ಮ ಎಳೆಯ ಮಗುವಿನದರಂತೆ ತೆಳ್ಳಗೆ, ಬೆಳ್ಳಗೆ, ದುಂಡಗೆ ಉಳಿದಿತ್ತು. ಬೆರಳಿನಿಂದ ಅದನ್ನು ಒಂದು ಸುತ್ತು ಸವರಿಕೊಂಡರು. ಕಿಟಕಿಯಿಂದ ಮರದ ಎಲೆಯ ಸದ್ದು ಬಂತು. ಅವರು ಕಣ್ಣು ಮುಚ್ಚಿ ದಿಂಬಿಗೆ ಒರಗಿದರು.

"ಇಲ್ಲಿ ಗಾಳಿ ಬಡೀತಿದೆ ಕಣೇ" ಎಂದರು.